ತೋಟದ ಏರು ಹತ್ತುವಾಗ

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಮೇಲಿದೆ, ಅಡಿಕೆ ತೋಟ ಕೆಳಗೆ. ಅಪ್ಪ ದಿನಕ್ಕೆ ಮೂರ್ನಾಲ್ಕು ಸಲ ಆ ಏರು ಹತ್ತುತ್ತಿದ್ದರು. ಮೇಲೆ ಬಂದು ಜಗುಲಿಯಲ್ಲಿ ಕೂತರೆ ಕುತ್ತಿಗೆಯ ಪಕ್ಕದಲ್ಲಿ ನಾಡಿ ಮಿಡಿಯುವುದು ಎದುರಿಗಿದ್ದವರಿಗೂ ಕಾಣುತ್ತಿತ್ತು.

ಆಗೆಲ್ಲ ಹಿತ್ತಲಿಗೆ ನೀರು ಬರುತ್ತಿದ್ದದ್ದು ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ. ನೀರು ರಭಸವಾಗಿ ಓಡುವ ಕಡೆ ದಬ್ಬೆ ಸ್ವಚ್ಛವಾಗಿರುತ್ತಿತ್ತು. ನೀರು ಸುಳಿ ತಿರುಗಿ ನಿಧಾನವಾಗುವ ಕಡೆ ಪಾಚಿ. ನಮ್ಮ ರಕ್ತನಾಳದಲ್ಲೂ ಹೆಚ್ಚುಕಡಿಮೆ ಹೀಗೇ. ಕೊಬ್ಬು ಮೊದಲು ಕಟ್ಟಿಕೊಳ್ಳುವುದು ನಾಳ ಕವಲೊಡೆಯುವ, ರಕ್ತ ಸುಳಿ ತಿರುಗುವ ಜಾಗಗಳಲ್ಲೇ.

ಆದರೆ ದಬ್ಬೆಗೆ ಜೀವವಿಲ್ಲ, ನಾಳದ ಗೋಡೆಗೆ ಇದೆ. ಅದರ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹಾಸು. ರಕ್ತ ಎಷ್ಟು ಜೋರಾಗಿ ಸವರಿಕೊಂಡು ಹೋಗುತ್ತಿದೆ ಅಂತ ಈ ಕೋಶಗಳಿಗೆ ಗೊತ್ತಾಗುತ್ತದೆ. ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಏರು ಹತ್ತುವಾಗ ಅದು ಎರಡು ಪಟ್ಟು ದಾಟುತ್ತದೆ. ಸವರುವಿಕೆ ಜಾಸ್ತಿಯಾದಾಗ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೆಚ್ಚು ಬಿಡುತ್ತವೆ. ಗೋಡೆಯ ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಗೋಡೆಗೆ ಅಂಟುವುದೂ ಕಡಿಮೆಯಾಗುತ್ತದೆ.

ಈ ತೆಳು ಹಾಸಿನ ಮಹತ್ವ ತೋರಿಸಿಕೊಟ್ಟವರು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್. ಮೊಲದ ಮಹಾಧಮನಿಯ ತುಂಡಿಗೆ ಔಷಧ ಹಾಕಿದರೆ ಅದು ಸಡಿಲವಾಗುತ್ತಿತ್ತು. ಒಳಹಾಸನ್ನು ಉಜ್ಜಿ ತೆಗೆದ ತುಂಡು ಸಡಿಲವಾಗಲೇ ಇಲ್ಲ! 1980ರಲ್ಲಿ ಅವರು ಇದನ್ನು ಪ್ರಕಟಿಸಿದರು. 1998ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಎಷ್ಟು ಸರಳ ಪ್ರಯೋಗ ಅಲ್ವಾ? ನನಗೆ ಇವತ್ತಿಗೂ ಬೆರಗು.

ವಯಸ್ಸಾದಂತೆ ದೊಡ್ಡ ನಾಳಗಳು ಗಡುಸಾಗುತ್ತವೆ, ಬಿಪಿ ಏರುತ್ತದೆ. ನಿತ್ಯ ನಡೆಯುವವರಲ್ಲಿ ಈ ಗಡುಸುತನ ನಿಧಾನ. ಆದರೆ ನಡೆಯುವುದು ನಿಲ್ಲಿಸಿದರೆ ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಏರು ಹತ್ತುವಾಗ ಎದೆ ಹಿಡಿದುಕೊಂಡರೆ ಮಾತ್ರ ಮೊದಲು ಡಾಕ್ಟರ ಹತ್ತಿರ ಹೋಗಿ.

ನನಗೆ ಚಿಂತೆ ಅಡಿಕೆ ಸುಲಿಯುವ ಕಾಲದ್ದು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಅಮ್ಮ ಗಂಟೆಗಟ್ಟಲೆ ಕೂರುತ್ತಿದ್ದರು. ಹಾಗೆ ಕೂತರೆ ಕಾಲಿನ ನಾಳಗಳಲ್ಲಿ ಹರಿವು ತಗ್ಗುತ್ತದೆ, ನಾಳ ಹಿಗ್ಗುವ ಶಕ್ತಿಯೂ ಕುಗ್ಗುತ್ತದೆ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಇದನ್ನು ತಡೆಯಬಹುದು. ಇದನ್ನು ಹೇಳಿದ ಮೇಲೆ ಅಮ್ಮ ಸಿಪ್ಪೆ ರಾಶಿಯಾಗಲು ಬಿಡುವುದಿಲ್ಲ. ಬುಟ್ಟಿ ತುಂಬಿದ ಕೂಡಲೇ ಎದ್ದು, ತಾವೇ ಅಂಗಳದಾಚೆ ಸುರಿದು ಬರುತ್ತಾರೆ.