ಎಲುಬಿನ ವಯಸ್ಸು ಯಾರ ವಯಸ್ಸು? ಡೌನ್ ಸಿಂಡ್ರೋಮ್ ಮತ್ತು ವಯೋನಿರ್ಣಯದ ಹಿನ್ನೆಲೆ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಬಾಯಿ ಬಿಡಿಸಿ ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ ಎತ್ತು. ಮಾರುವವನು ಏನೇ ಹೇಳಲಿ, ಹಲ್ಲು ಸುಳ್ಳು ಹೇಳದು ಎಂಬುದು ಅಲ್ಲಿನ ನಂಬಿಕೆ. ಮನುಷ್ಯರ ವಿಷಯದಲ್ಲೂ ಕಾನೂನು ಸುಮಾರು ಇನ್ನೂರು ವರ್ಷಗಳಿಂದ ಇದೇ ನಂಬಿಕೆಯ ಮೇಲೆ ನಡೆದಿದೆ. ಕಾಗದಪತ್ರ ಇಲ್ಲದವರ ವಯಸ್ಸನ್ನು ಹಲ್ಲು ನೋಡಿ, ಎಲುಬು ನೋಡಿ ಹೇಳಲಾಗುತ್ತದೆ. ಎದುರಿಗಿರುವವರಿಗೆ ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿರುವ ಸ್ಥಿತಿ, ಇದ್ದರೆ ಈ ಲೆಕ್ಕ ಎಷ್ಟು ನಿಲ್ಲುತ್ತದೆ? ಉತ್ತರದ ಒಂದು ತುಂಡು ದಂತವೈದ್ಯರ ಬಳಿ ಇದೆ, ಒಂದು ಮಕ್ಕಳ ವೈದ್ಯರ ಬಳಿ, ಇನ್ನೊಂದು ನ್ಯಾಯಾಲಯದ ತೀರ್ಪುಗಳಲ್ಲಿ. ಅವನ್ನು ಒಂದೆಡೆ ಇಟ್ಟು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ.

ಕಥೆ ಶುರುವಾಗುವುದು ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ. 1833ರ ಕಾರ್ಖಾನೆ ಕಾಯ್ದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂದಿತು. ಆದರೆ ಒಂಬತ್ತಾಗಿದೆ ಎಂದು ಹೇಳುವುದು ಯಾರು? ಅಲ್ಲಿ ಸರ್ಕಾರಿ ಜನನ ನೋಂದಣಿ ಆರಂಭವಾದದ್ದೇ 1837ರಲ್ಲಿ. ಅಲ್ಲಿಯವರೆಗೆ ವೈದ್ಯರು ಮಗುವಿನ ಎತ್ತರ, ಮೈಕಟ್ಟು ನೋಡಿ ಪ್ರಮಾಣಪತ್ರ ಕೊಡುತ್ತಿದ್ದರು. ಅದೇ 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ಪರೀಕ್ಷಿಸಿ, ಎತ್ತರಕ್ಕಿಂತ ಹಲ್ಲೇ ನಂಬಿಕೆಗೆ ಅರ್ಹ ಎಂದು ಸಂಸತ್ತಿನ ಮುಂದಿಟ್ಟ. ಮಾತು ಸುಳ್ಳಲ್ಲ. ಆದರೆ ಎಲ್ಲ ಮಕ್ಕಳ ಹಲ್ಲೂ ಒಂದೇ ಪಂಚಾಂಗ ನೋಡಿಕೊಂಡು ಹುಟ್ಟುತ್ತವೆ ಎಂಬ ಊಹೆ ಅವತ್ತೇ ಅದರೊಳಗೆ ಸೇರಿಕೊಂಡಿತ್ತು.

ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯ ಲಕ್ಷಣಗಳನ್ನು ಬರೆದದ್ದು 1866ರಲ್ಲಿ. ರೋಂಟ್ಜೆನ್ ಎಕ್ಸ್-ರೇ ಕಂಡದ್ದು 1895ರಲ್ಲಿ. ಇಪ್ಪತ್ತೊಂದನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದೇ ಕಾರಣ ಎಂದು ಪ್ಯಾರಿಸ್‌ನಲ್ಲಿ ಲೆಜೂನ್, ಮಾರ್ಥ್ ಗೋತಿಯೆ ಮತ್ತು ಟ್ಯುರ್ಪಾ ಪ್ರಕಟಿಸಿದ್ದು 1959ರಲ್ಲಿ. ಅದೇ 1959ರಲ್ಲಿ ಇನ್ನೊಂದು ಪುಸ್ತಕದ ಎರಡನೆಯ ಆವೃತ್ತಿ ಬಂತು. ನಮ್ಮ ಕಥೆಯ ಗಂಟು ಇರುವುದು ಅದರಲ್ಲಿ.

ಅದು ಗ್ರೂಲಿಕ್ ಮತ್ತು ಪೈಲ್ ಅವರ ಅಟ್ಲಾಸ್. ಎಡಗೈಯ ಬೆರಳು ಮತ್ತು ಮಣಿಕಟ್ಟಿನ ಎಕ್ಸ್-ರೇ ಚಿತ್ರಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿದ ದಪ್ಪ ಪುಸ್ತಕ. ಚಿತ್ರಗಳು 1930ರ ದಶಕ ಮತ್ತು 40ರ ದಶಕದ ಮೊದಲ ವರ್ಷಗಳವು, ಅಮೆರಿಕದ ಒಹಾಯೊದ ಕ್ಲೀವ್‌ಲ್ಯಾಂಡ್‌ನ ಬಿಳಿಯ, ಅನುಕೂಲಸ್ಥ ಮನೆಗಳ ಮಕ್ಕಳವು. ಹುಟ್ಟಿದಾಗ ಮಣಿಕಟ್ಟಿನ ಜಾಗ ಎಕ್ಸ್-ರೇಯಲ್ಲಿ ಹೆಚ್ಚುಕಡಿಮೆ ಖಾಲಿಯಾಗಿ ಕಾಣುತ್ತದೆ. ಅಲ್ಲಿನ ಎಂಟು ಸಣ್ಣ ಮೂಳೆಗಳು ಒಂದೊಂದಾಗಿ ಗಟ್ಟಿಯಾಗುತ್ತ ಚಿತ್ರಕ್ಕೆ ಬರುತ್ತವೆ. ಬೆರಳ ಮೂಳೆಗಳ ತುದಿಯಲ್ಲಿ ಬೇರೆಯಾಗಿ ಕಾಣುವ ಟೊಪ್ಪಿಗೆಯಂಥ ಭಾಗ ಹದಿಹರೆಯ ಮುಗಿಯುವ ವೇಳೆಗೆ ಕಾಂಡಕ್ಕೆ ಕೂಡಿಕೊಳ್ಳುತ್ತದೆ. ವೈದ್ಯರು ತಮ್ಮ ಮುಂದಿರುವ ಚಿತ್ರಕ್ಕೆ ಹತ್ತಿರದ ಹೋಲಿಕೆ ಯಾವ ಪುಟದಲ್ಲಿದೆ ಎಂದು ಹುಡುಕುತ್ತಾರೆ. ಅಷ್ಟೇ ವಿದ್ಯೆ.

ಈ ಅಟ್ಲಾಸ್ ತಯಾರಾದದ್ದು ಯಾವ ಪ್ರಶ್ನೆಗೆ ಉತ್ತರವಾಗಿ ಎಂಬುದನ್ನು ಮರೆಯಬಾರದು. ‘ಈ ಮಗುವಿಗೆ ಎಂಟು ವರ್ಷ ಎಂದು ಗೊತ್ತಿದೆ; ಎಲುಬು ಎಂಟಕ್ಕೆ ತಕ್ಕಂತೆ ಬೆಳೆದಿದೆಯೇ?’ ಮಕ್ಕಳ ವೈದ್ಯರು ಕೇಳುವುದು ಇದನ್ನು. ಎಲುಬು ಆರರ ಪುಟಕ್ಕೆ ಹೋಲಿದರೆ ಆ ಎರಡು ವರ್ಷದ ಅಂತರವೇ ಅವರಿಗೆ ಸುಳಿವು. ಥೈರಾಯ್ಡ್ ನೋಡುತ್ತಾರೆ, ಬೆಳವಣಿಗೆಯ ಹಾರ್ಮೋನ್ ನೋಡುತ್ತಾರೆ. ನ್ಯಾಯಾಲಯ ಅದೇ ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿಯುತ್ತದೆ. ಎಲುಬು ಆರರ ಪುಟಕ್ಕೆ ಹೋಲುತ್ತಿದೆ, ಆದ್ದರಿಂದ ಮಗುವಿಗೆ ಆರು ವರ್ಷ. ಆಸ್ಪತ್ರೆಯಲ್ಲಿ ಯಾವುದು ರೋಗದ ಸುಳಿವೋ ಅದೇ ಇಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು.

ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕೈ ಎಕ್ಸ್-ರೇ ನೋಡಿದವರು 1960ರ ದಶಕದಿಂದಲೂ ಬರೆಯುತ್ತ ಬಂದಿದ್ದಾರೆ. ಮೊದಲ ವರ್ಷಗಳಲ್ಲಿ ಎಲುಬು ಹಿಂದೆ ಬೀಳುತ್ತದೆ, ಆಮೇಲೆ ಓಡಿ ಬಂದು ಸೇರಿಕೊಳ್ಳುತ್ತದೆ, ಹಲವರಲ್ಲಿ ಉಳಿದವರಿಗಿಂತ ಬೇಗ ಬೆಳವಣಿಗೆ ಮುಗಿಸುತ್ತದೆ. ತಪ್ಪು ಒಂದೇ ದಿಕ್ಕಿಗಿದ್ದರೆ ಇಷ್ಟು ಕಳೆ, ಇಷ್ಟು ಕೂಡು ಎಂದು ಸರಿಪಡಿಸಬಹುದಿತ್ತು. ಇಲ್ಲಿ ಚಿಕ್ಕವರಲ್ಲಿ ವಯಸ್ಸು ಕಡಿಮೆ ಬಂದರೆ, ಹದಿನೆಂಟರ ಹೊಸ್ತಿಲ ಬಳಿ ಹೆಚ್ಚು ಬರಬಹುದು. ಥೈರಾಯ್ಡ್ ಕೊರತೆ ಇವರಲ್ಲಿ ಸಾಮಾನ್ಯ; ಅದಕ್ಕೆ ಚಿಕಿತ್ಸೆ ಸಿಕ್ಕ ಮಗುವಿನ ಎಲುಬು ಒಂದು ದಾರಿ, ಸಿಗದ ಮಗುವಿನದು ಇನ್ನೊಂದು ದಾರಿ. ಇದರ ಮೇಲೆ ಕಿರುಬೆರಳು. ಡೌನ್ ಸಿಂಡ್ರೋಮ್‌ನಲ್ಲಿ ಕಿರುಬೆರಳಿನ ನಡುವಿನ ಮೂಳೆ ಗಿಡ್ಡವಾಗಿ, ಬೆರಳು ಒಳಕ್ಕೆ ಬಾಗಿರುವುದು ಬಹಳ ಮಂದಿಯಲ್ಲಿ ಕಾಣುತ್ತದೆ. ಅಟ್ಲಾಸಿನ ಯಾವ ಪುಟದಲ್ಲೂ ಇಂಥ ಬೆರಳಿಲ್ಲ.

ಇನ್ನು ಹಲ್ಲು. 1973ರಲ್ಲಿ ಮಾಂಟ್ರಿಯಲ್‌ನ ಆರ್ಟೊ ಡೆಮಿರ್ಜಿಯನ್ ಮತ್ತು ಸಂಗಡಿಗರು ಫ್ರೆಂಚ್ ಕೆನಡಾದ ಮಕ್ಕಳ 2,928 ಎಕ್ಸ್-ರೇಗಳನ್ನು ಆಧರಿಸಿ ಒಂದು ಕ್ರಮ ರೂಪಿಸಿದರು. ಕೆಳದವಡೆಯ ಎಡಭಾಗದ ಏಳು ಹಲ್ಲು, ಪ್ರತಿ ಹಲ್ಲಿಗೆ ಎಂಟು ಹಂತ. ಹಲ್ಲಿನ ತಲೆ ಮೂಡುವುದರಿಂದ ಹಿಡಿದು ಬೇರಿನ ತುದಿ ಮುಚ್ಚಿಕೊಳ್ಳುವವರೆಗೆ ಅಂಕ ಕೊಟ್ಟು ಕೂಡಿಸಿದರೆ ವಯಸ್ಸು ಬರುತ್ತದೆ. ಹಲ್ಲು ವಸಡು ಸೀಳಿ ಹೊರಬರುವ ಕಾಲಕ್ಕಿಂತ ವಸಡಿನೊಳಗೆ ರೂಪುಗೊಳ್ಳುವ ಕಾಲ ಹೆಚ್ಚು ಸ್ಥಿರ ಎಂಬುದು ಇದರ ಬಲ. ಅಪೌಷ್ಟಿಕತೆ, ಹಾರ್ಮೋನ್ ಏರುಪೇರು ಎಲುಬನ್ನು ಅಲುಗಾಡಿಸಿದಷ್ಟು ಹಲ್ಲಿನ ಬೇರನ್ನು ಅಲುಗಾಡಿಸುವುದಿಲ್ಲ. ಬೇರೆ ನಾಡುಗಳ ಮಕ್ಕಳಿಗೆ ಹಚ್ಚಿದಾಗ ಈ ಕ್ರಮ ವಯಸ್ಸನ್ನು ಹೆಚ್ಚು ಹೇಳುತ್ತದೆ ಎಂದು ಗೊತ್ತಾದ ಮೇಲೆ ಅಲ್ಲಲ್ಲಿ ತಿದ್ದುಪಡಿಗಳು ಬಂದವು. ನಮ್ಮ ಧಾರವಾಡದಲ್ಲೇ ದಂತ ವೈದ್ಯಕೀಯ ಕಾಲೇಜಿನ ಅಶಿತ್ ಆಚಾರ್ಯ 2011ರಲ್ಲಿ ಬುದ್ಧಿಹಲ್ಲನ್ನೂ ಸೇರಿಸಿ ಭಾರತೀಯರಿಗೆ ಹೊಂದುವ ಸೂತ್ರ ಪ್ರಕಟಿಸಿದರು. ನಾಡಿಗೊಂದು ತಿದ್ದುಪಡಿ ಬೇಕು ಎಂದು ಒಪ್ಪಿದ ಶಾಸ್ತ್ರ, ಒಂದು ಕ್ರೋಮೋಸೋಮ್ ಹೆಚ್ಚಿರುವ ಶರೀರಕ್ಕೂ ಒಂದು ಬೇಕು ಎಂದು ಅಷ್ಟೇ ಜೋರಾಗಿ ಹೇಳಬೇಕಿತ್ತು.

ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಮೊದಲ ಹಾಲುಹಲ್ಲು ವರ್ಷ ತುಂಬಿದ ಮೇಲೆ ಬರುವುದು ಸಾಮಾನ್ಯ. ಎರಡು ವರ್ಷ ಕಾದ ಮನೆಗಳೂ ಇವೆ. ಹಾಲುಹಲ್ಲು ಪೂರ್ತಿಯಾಗುವ ಹೊತ್ತಿಗೆ ನಾಲ್ಕೈದು ವರ್ಷ. ಕ್ರಮವೂ ಏರುಪೇರು. ಆದ್ದರಿಂದ ಬಾಯಿ ಬಿಡಿಸಿ ಹಲ್ಲೆಣಿಸುವ ಸಾಂಡರ್ಸನ ದಾರಿ ಇಲ್ಲಿ ನೇರವಾಗಿ ತಪ್ಪುತ್ತದೆ. ಎಕ್ಸ್-ರೇಯಲ್ಲಿ ಬೇರು ನೋಡುವ ದಾರಿ ವಾಸಿ. ಕೆಲವು ಅಧ್ಯಯನಗಳಲ್ಲಿ ಹಲ್ಲಿನ ವಯಸ್ಸು ನಿಜವಯಸ್ಸಿಗೆ ಹತ್ತಿರವೇ ಬಂದಿದೆ, ಕೆಲವುಗಳಲ್ಲಿ ಹಿಂದೆ ಬಿದ್ದಿದೆ. ಆದರೆ ತೊಡಕು ಬೇರೆ ಕಡೆ ಇದೆ. ಇವರಲ್ಲಿ ಕೆಲವು ಹಲ್ಲು ಹುಟ್ಟುವುದೇ ಇಲ್ಲ. ಬುದ್ಧಿಹಲ್ಲು, ಮುಂದವಡೆಯ ಎರಡನೆಯ ಹಲ್ಲು, ಬದಿಯ ಬಾಚಿಹಲ್ಲು ಇಲ್ಲದಿರುವುದು ಉಳಿದವರಿಗಿಂತ ಬಹಳ ಹೆಚ್ಚು. ಡೆಮಿರ್ಜಿಯನ್ ಕ್ರಮದಲ್ಲಿ ಎಡಭಾಗದ ಹಲ್ಲು ಇಲ್ಲದಿದ್ದರೆ ಬಲಭಾಗದ್ದನ್ನು ತೆಗೆದುಕೊಳ್ಳಬಹುದು. ಎರಡೂ ಕಡೆ ಇಲ್ಲದಿದ್ದರೆ ಲೆಕ್ಕ ಅಲ್ಲಿಗೇ ನಿಂತಿತು. ಹದಿನಾರು ದಾಟಿದ ಮೇಲೆ ಬೆಳೆಯುತ್ತ ಉಳಿಯುವುದು ಬುದ್ಧಿಹಲ್ಲು ಒಂದೇ. ಹದಿನೆಂಟೋ ಅಲ್ಲವೋ ಎಂಬ ಪ್ರಶ್ನೆ ನೇತಾಡುವುದೂ ಅದಕ್ಕೇ. ಅದೂ ಇಲ್ಲದ ದವಡೆಯನ್ನು ಏನೆಂದು ಓದುವುದು?

ಈ ಎಕ್ಸ್-ರೇ ತೆಗೆಯುವ ಕೋಣೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಹುಡುಗಿ ಯಂತ್ರದ ಮುಂದೆ ನೇರವಾಗಿ ನಿಲ್ಲಬೇಕು. ಗದ್ದ ಸಣ್ಣ ತಟ್ಟೆಯ ಮೇಲೆ. ಪ್ಲಾಸ್ಟಿಕ್ ಕಡ್ಡಿಯೊಂದನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿಯಬೇಕು, ನಾಲಿಗೆಯನ್ನು ಅಂಗುಳಿಗೆ ಒತ್ತಿಕೊಳ್ಳಬೇಕು. ಯಂತ್ರದ ತೋಳು ಗುಂಯ್‌ಗುಟ್ಟುತ್ತ ತಲೆಯ ಸುತ್ತ ತಿರುಗುವ ಹದಿನೈದು ಸೆಕೆಂಡ್ ಆಸುಪಾಸು ಅಲುಗಾಡಬಾರದು. ಸ್ನಾಯುಗಳ ಬಿಗಿ ಕಡಿಮೆ ಇರುವ, ನಾಲಿಗೆ ಹೊರಚಾಚುವ, ಹೊಸ ಜಾಗದಲ್ಲಿ ಹೆದರುವ ಮಗುವಿಗೆ ಈ ಹದಿನೈದು ಸೆಕೆಂಡ್ ದೊಡ್ಡ ಮಾತು. ನಾಲಿಗೆ ಕೆಳಗಿಳಿದರೆ ಮೇಲ್ದವಡೆಯ ಬೇರುಗಳ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ತಲೆ ಅಲುಗಿದರೆ ದವಡೆಯ ಗೆರೆ ಅಲೆಯಂತೆ ಬಾಗುತ್ತದೆ. ಕತ್ತಿನ ಮೇಲಿನ ಎರಡು ಎಲುಬುಗಳ ನಡುವೆ ಸಡಿಲ ಇರುವವರು ಇವರಲ್ಲಿ ಇರುವುದರಿಂದ ತಲೆಯನ್ನು ಬಲವಂತವಾಗಿ ಹಿಡಿದು ನಿಲ್ಲಿಸುವಂತೆಯೂ ಇಲ್ಲ. ಮೂರನೆಯ ಸಲ ತೆಗೆದ ಮಸುಕು ಚಿತ್ರವೇ ಕೊನೆಗೆ ಕಡತ ಸೇರಿದರೆ ಆಶ್ಚರ್ಯಪಡಬೇಕಿಲ್ಲ.

ದೊಡ್ಡವರಲ್ಲಿ ಹಲ್ಲಿನ ಸವೆತ, ವಸಡು ಇಳಿದ ಪ್ರಮಾಣ ನೋಡಿ ವಯಸ್ಸು ಹೇಳುವ ಪದ್ಧತಿ 1950ರಿಂದ ಇದೆ. ಹಲ್ಲು ಕಡಿಯುವ ಅಭ್ಯಾಸ ಮತ್ತು ಬೇಗನೆ ಬರುವ ವಸಡಿನ ರೋಗ ಡೌನ್ ಸಿಂಡ್ರೋಮ್‌ನಲ್ಲಿ ಎಷ್ಟು ಸಾಮಾನ್ಯ ಎಂದರೆ, ಇಪ್ಪತ್ತೈದರ ಬಾಯಿ ನಲವತ್ತರ ಹಾಗೆ ಕಾಣಬಹುದು. ಡಿಎನ್ಎ ಗಡಿಯಾರ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಒಂದು ಮಾತು: ಡಿಎನ್ಎ ಮೇಲಿನ ರಾಸಾಯನಿಕ ಗುರುತುಗಳಿಂದ ವಯಸ್ಸು ಅಳೆಯುವ ವಿಧಾನ ಕೊಟ್ಟ ಸ್ಟೀವ್ ಹೊರ್ವಾತ್ ಅವರ ತಂಡವೇ 2015ರಲ್ಲಿ, ಡೌನ್ ಸಿಂಡ್ರೋಮ್ ಇರುವವರ ರಕ್ತ ಮತ್ತು ಮಿದುಳಿನ ಅಂಗಾಂಶ ಸರಾಸರಿ 6.6 ವರ್ಷ ಮುದಿಯಾಗಿ ಕಾಣುತ್ತದೆ ಎಂದು ವರದಿ ಮಾಡಿತು.

ಭಾರತಕ್ಕೆ ಬರೋಣ. ಬಂಗಾಳದಲ್ಲಿ ಗಾಲ್‌ಸ್ಟೌನ್ ಎಂಬವರು 1937ರಲ್ಲಿ ಪ್ರಕಟಿಸಿದ ಎಲುಬಿನ ಕೋಷ್ಟಕಗಳು ನಮ್ಮ ವೈದ್ಯಕೀಯ ನ್ಯಾಯಶಾಸ್ತ್ರದ ಪಠ್ಯಗಳಲ್ಲಿ ದಶಕಗಳ ಕಾಲ ಉಳಿದವು. 1982ರಲ್ಲಿ ಜಯಮಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಕ್ಸ್-ರೇಯಿಂದ ಹೇಳಿದ ವಯಸ್ಸು ಎರಡು ವರ್ಷ ಆಚೀಚೆ ಆಗಬಹುದು ಎಂದಿತು. ಈ ‘ಎರಡು ವರ್ಷ’ ಆಮೇಲೆ ಮಂತ್ರವಾಯಿತು. ಅದು ಸಾಮಾನ್ಯ ಬೆಳವಣಿಗೆಯವರಿಗೆ ಹೇಳಿದ ಅಂತರ ಎಂಬುದು ಮಂತ್ರದಲ್ಲಿ ಸೇರಿರಲಿಲ್ಲ.

2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ಮೊದಲಿಗೆ, ನೋಡಿದರೇ ಮಗು ಎಂದು ಗೊತ್ತಾದರೆ ಹಾಗೆಂದು ದಾಖಲಿಸಿ ಮುಂದುವರಿಯಿರಿ ಎನ್ನುತ್ತದೆ. ಕುಳ್ಳಗೆ, ದುಂಡುಮುಖದ ಇಪ್ಪತ್ತೆರಡರ ಯುವಕ ಇಲ್ಲಿಯೇ ಎಡವಬಹುದು. ಅನುಮಾನವಿದ್ದರೆ ಶಾಲೆಯ ಜನನ ದಿನಾಂಕದ ಪತ್ರ ಅಥವಾ ಮೆಟ್ರಿಕ್ಯುಲೇಶನ್ ಪ್ರಮಾಣಪತ್ರ. ಅದಿಲ್ಲದಿದ್ದರೆ ನಗರಸಭೆ, ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ ಅಥವಾ ಇನ್ನಾವುದಾದರೂ ಇತ್ತೀಚಿನ ವೈದ್ಯಕೀಯ ಪರೀಕ್ಷೆ, ಹದಿನೈದು ದಿನದೊಳಗೆ. ಮಕ್ಕಳ ಕಲ್ಯಾಣ ಸಮಿತಿ ಅಥವಾ ಬಾಲನ್ಯಾಯ ಮಂಡಳಿ ದಾಖಲಿಸಿದ ವಯಸ್ಸೇ ಆ ವ್ಯಕ್ತಿಯ ನಿಜವಯಸ್ಸು ಎಂದು ಕಾಯ್ದೆ ಭಾವಿಸುತ್ತದೆ.

ಮೇಲ್ನೋಟಕ್ಕೆ ಒಳ್ಳೆಯ ಕ್ರಮ. ಶಾಲೆಯ ದಾಖಲೆಯೂ ದೇವರು ಬರೆದದ್ದಲ್ಲ, ಬಿಡಿ. ನಮ್ಮ ಹಿರಿಯರಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಎಂದು ಎಣಿಸಿದರೆ ಮೇಷ್ಟರ ಕೈವಾಡ ತಿಳಿಯುತ್ತದೆ. ತಲೆಯ ಮೇಲಿಂದ ಕೈ ಬಳಸಿ ಆಚೆಯ ಕಿವಿ ಮುಟ್ಟಿದರೆ ಒಂದನೇ ತರಗತಿ. ತೋಳು ಗಿಡ್ಡವಿರುವ ಡೌನ್ ಸಿಂಡ್ರೋಮ್ ಮಗು ಆ ಪರೀಕ್ಷೆಯಲ್ಲೂ ಹಿಂದುಳಿಯುತ್ತಿತ್ತು. ಆದರೆ ದಾಖಲೆಯಲ್ಲಿ ತಪ್ಪು ದಿನಾಂಕವಾದರೂ ಇರಬೇಕಾದರೆ ಮಗು ಶಾಲೆಯ ಮೆಟ್ಟಿಲು ಹತ್ತಿರಬೇಕು. ‘ಇವನಿಗೇಕೆ ಶಾಲೆ’ ಎಂಬ ಮಾತು ಕೇಳಿ ಮನೆಯಲ್ಲೇ ಉಳಿದ ಮಕ್ಕಳಲ್ಲಿ ಡೌನ್ ಸಿಂಡ್ರೋಮ್‌ನವರು ಇದ್ದೇ ಇರುತ್ತಾರೆ. ಕಾಗದ ಇಲ್ಲದವರು ಎಕ್ಸ್-ರೇ ಕೋಣೆಗೆ ಹೋಗುತ್ತಾರೆ. ಯಾರ ಮೇಲೆ ಆ ಪರೀಕ್ಷೆ ಅತ್ಯಂತ ದುರ್ಬಲವೋ ಅವರೇ ಆ ಸಾಲಿನಲ್ಲಿ ನಿಲ್ಲುವ ಸಂಭವ ಹೆಚ್ಚು. ಯಾರೂ ಕೂತು ಹೀಗಾಗಲಿ ಎಂದು ಬರೆದದ್ದಲ್ಲ. ಒಂದರ ಮೇಲೊಂದು ನಿಯಮ ಕೂತು ಹೀಗಾಗಿದೆ.

ತಪ್ಪಿನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದೂ ಬದಲಾಗಿದೆ. ಯುರೋಪಿನಲ್ಲಿ ನಿರಾಶ್ರಿತರ ವಯಸ್ಸು ಅಳೆಯುವ ವೈದ್ಯರು ಒಂದು ಸಮಾಧಾನ ಹೇಳುತ್ತಾರೆ: ಹೆಚ್ಚಿನ ಕಾಯಿಲೆಗಳು ಬೆಳವಣಿಗೆಯನ್ನು ತಡಮಾಡುತ್ತವೆ, ಆದ್ದರಿಂದ ತಪ್ಪಾದರೂ ವಯಸ್ಸು ಕಡಿಮೆ ಬರುತ್ತದೆ, ಪರೀಕ್ಷೆಗೆ ಒಳಗಾದವನಿಗೆ ನಷ್ಟವಿಲ್ಲ. ಆರೋಪಿ ಬಾಲಕನ ವಿಷಯದಲ್ಲಿ ಇದು ಸರಿ. ದೌರ್ಜನ್ಯಕ್ಕೆ ಒಳಗಾದ ಹುಡುಗಿಯ ವಿಷಯದಲ್ಲಿ ತಕ್ಕಡಿ ತಿರುಗುತ್ತದೆ. 2024ರ ಜುಲೈನಲ್ಲಿ ದೆಹಲಿ ಹೈಕೋರ್ಟ್, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ ಎಲುಬಿನ ವರದಿ ಹೇಳುವ ವಯಸ್ಸಿನ ಮೇಲಂಚನ್ನೇ ಹಿಡಿದು, ಅದಕ್ಕೆ ಎರಡು ವರ್ಷದ ಅಂತರವನ್ನೂ ಸೇರಿಸಬೇಕು ಎಂದಿತು. ಅನುಮಾನದ ಲಾಭ ಆರೋಪಿಗೆ ಎಂಬ ಹಳೆಯ ತತ್ವವೇ ಅದರ ಆಧಾರ. ವರದಿ 15ರಿಂದ 17 ಎಂದರೆ 19 ಎಂದು ಓದಬೇಕು. ಎಲುಬು ಬೇಗ ಕೂಡಿಕೊಂಡ ಡೌನ್ ಸಿಂಡ್ರೋಮ್ ಹುಡುಗಿಗೆ ನಿಜವಾಗಿ ಹದಿನೈದೇ ಆಗಿದ್ದರೂ ಅವಳು ಆ ಕಾಯ್ದೆಯ ಕಣ್ಣಲ್ಲಿ ಮಗುವಲ್ಲ. ಬೇರೆ ಕಲಮುಗಳಿವೆ, ನಿಜ. ಆದರೆ ಪೋಕ್ಸೊ ಕೊಡುವ ವಿಶೇಷ ನ್ಯಾಯಾಲಯ, ಮಗುವಿಗೆ ಹೊಂದುವ ವಿಚಾರಣೆ ಕೈತಪ್ಪುತ್ತದೆ.

ಬುದ್ಧಿಯ ಬೆಳವಣಿಗೆಯನ್ನಾದರೂ ನೋಡಬಹುದೇ? 2017ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಶ್ನೆ ಅದೇ. ಸೆರೆಬ್ರಲ್ ಪಾಲ್ಸಿ ಇದ್ದ, ದೇಹದ ವಯಸ್ಸು 38, ಮನಸ್ಸಿನ ವಯಸ್ಸು ಆರರಿಂದ ಎಂಟು ಎಂದು ವೈದ್ಯರು ಹೇಳಿದ ಮಹಿಳೆಯ ಪ್ರಕರಣ. ಪೋಕ್ಸೊದಲ್ಲಿ ವಯಸ್ಸು ಎಂದರೆ ದೇಹದ ವಯಸ್ಸು ಮಾತ್ರ ಎಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಕಾಯ್ದೆಯ ಪದಗಳನ್ನು ಓದಿದರೆ ಬೇರೆ ದಾರಿ ಕಾಣದು. ಆದರೆ ಅಂದಿನಿಂದ ದೇಹದ ವಯಸ್ಸೊಂದೇ ಉಳಿಯಿತು, ಮತ್ತು ಆ ದೇಹವನ್ನು ಅಳೆಯುವ ಕೋಲು ಕ್ಲೀವ್‌ಲ್ಯಾಂಡ್‌ನ ಮಕ್ಕಳದ್ದು.

ಇಷ್ಟಾಗಿ, ಡೌನ್ ಸಿಂಡ್ರೋಮ್ ಇರುವ ಮಗುವಿನ ಮನೆಯಲ್ಲಿ ಕಾಗದಕ್ಕೆ ಬರವಿರುವುದಿಲ್ಲ ಎಂಬುದು ಈ ಕಥೆಯ ವಿಚಿತ್ರ. ಎಲ್ಲ ಮನೆಗಳ ಮಾತಲ್ಲ. ಆಸ್ಪತ್ರೆಯ ಮುಖ ಕಂಡ ಮನೆಗಳ ಮಾತು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಎಕೊ ವರದಿ, ಶಸ್ತ್ರಚಿಕಿತ್ಸೆಯ ಚೀಟಿ, ಥೈರಾಯ್ಡ್ ಪರೀಕ್ಷೆ, ತಾಯಿ ಕಾರ್ಡು, ಎಲ್ಲದರ ಮೇಲೂ ದಿನಾಂಕವಿದೆ. 94ನೇ ಕಲಮಿನ ಪಟ್ಟಿಯಲ್ಲಿ ಇವುಗಳ ಹೆಸರಿಲ್ಲ. ಆದರೆ ತಡವಾಗಿ ಜನನ ನೋಂದಣಿ ಮಾಡಿಸಲು ಅವಕಾಶವಿದೆ, ಅದಕ್ಕೆ ಇವು ಆಧಾರವಾಗಬಲ್ಲವು. ಎಲುಬಿನ ವರದಿ ಬರೆಯುವ ವೈದ್ಯರ ಮುಂದೆ ಇಡುವುದಕ್ಕಂತೂ ಯಾರ ಅಡ್ಡಿಯೂ ಇಲ್ಲ. ಪಾಲಿಥಿನ್ ಚೀಲದ ತಳದಲ್ಲಿ ನಾಲ್ಕಾಗಿ ಮಡಚಿಟ್ಟ ಕ್ರೋಮೋಸೋಮ್ ಪರೀಕ್ಷೆಯ ಹಾಳೆ ಇದ್ದರೆ ಅದನ್ನು ಬಿಡಿಸಬೇಕು. ಕೆಳಗೆ ಕ್ರೋಮೋಸೋಮ್‌ಗಳ ಸಂಖ್ಯೆ 47 ಎಂದು ಬರೆದಿರುತ್ತದೆ, ಎಲ್ಲರೂ ನೋಡುವುದು ಅದನ್ನೇ. ಮೇಲ್ಗಡೆ, ಹೆಸರಿನ ಪಕ್ಕದ ಸಣ್ಣ ಸಾಲಿನಲ್ಲಿ, ರಕ್ತ ತೆಗೆದ ತಾರೀಖಿನ ಜೊತೆಗೆ ಇನ್ನೊಂದು ಅಂಕಿ ಇರುತ್ತದೆ. ವಯಸ್ಸು: 23 ದಿನ.