ಜಾರ್ಜ್‌ಟೌನ್: 272 ಹೆಸರುಗಳ ಋಣ

ಪಟ್ಟಿಯ ಮೊದಲ ಹೆಸರು ಐಸಾಕ್. ವಯಸ್ಸು 65. ಅವನ ಹಿಂದೆಯೇ ಮಕ್ಕಳು, ಮೊಮ್ಮಕ್ಕಳು, ನೆರೆಹೊರೆಯವರು, ಎಳೆಗೂಸುಗಳು. ಒಟ್ಟು 272 ಮಂದಿ ಗುಲಾಮರು. 1838ರ ಜೂನ್‌ನಲ್ಲಿ ಅಮೆರಿಕದ ಮೇರಿಲ್ಯಾಂಡಿನ ಜೆಸ್ಯೂಟ್ ಪಾದ್ರಿಗಳು ಇವರನ್ನು ದಕ್ಷಿಣದ ಲೂಸಿಯಾನಾದ ತೋಟಗಳಿಗೆ 1,15,000 ಡಾಲರಿಗೆ ಮಾರಿದರು. ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ ವಿಶ್ವವಿದ್ಯಾಲಯವನ್ನು ನಡೆಸುತ್ತಿರುವ ಯೇಸುಸಭೆಗೆ ಸೇರಿದವರೇ ಈ ಜೆಸ್ಯೂಟರು.

ಮಾರಿದ್ದು ಸಾಲಕ್ಕಾಗಿ. 1789ರಲ್ಲಿ ಸ್ಥಾಪನೆಯಾಗಿ, ಗುಲಾಮರು ದುಡಿಯುವ ಹೊಲಗಳ ಆಸರೆಯಲ್ಲಿ ಬೆಳೆದ, ಇಂದು ವಿಶ್ವವಿದ್ಯಾಲಯವಾಗಿರುವ ವಾಷಿಂಗ್ಟನ್‌ನ ಜೆಸ್ಯೂಟ್ ಸಂಸ್ಥೆ ಜಾರ್ಜ್‌ಟೌನ್ ಕಾಲೇಜು ಕಟ್ಟಡಗಳಿಗಾಗಿ ಸಾಲ ಮಾಡಿಕೊಂಡಿತ್ತು. ಸಂಸಾರಗಳನ್ನು ಒಡೆಯಬಾರದು, ಬಂದ ಹಣವನ್ನು ಸಾಲಕ್ಕೆ ಬಳಸಬಾರದು ಎಂದು ರೋಮ್‌ನಿಂದ ಷರತ್ತು ಬಂದಿತ್ತು. ಎರಡೂ ಮುರಿದವು. ಮೊದಲ ಕಂತಿನ 25,000 ಡಾಲರಿನಲ್ಲಿ 17,000 ಡಾಲರ್ ಕಾಲೇಜಿನ ಸಾಲಕ್ಕೇ ಹೋಯಿತು.

1865ರಲ್ಲಿ ಗುಲಾಮಗಿರಿ ರದ್ದಾಯಿತು. 1874ರಲ್ಲಿ ಗುಲಾಮ ತಾಯಿಯ ಮಗ ಪ್ಯಾಟ್ರಿಕ್ ಹೀಲಿ ಜಾರ್ಜ್‌ಟೌನ್‌ನ ಅಧ್ಯಕ್ಷರಾದರು, ಆದರೆ ಜನ ಅವರನ್ನು ಬಿಳಿಯರೆಂದೇ ತಿಳಿದಿದ್ದರು. ಕಪ್ಪು ವಿದ್ಯಾರ್ಥಿಗೆ ಪದವಿ ತರಗತಿಯ ಬಾಗಿಲು ತೆರೆಯಲು 1950 ಬರಬೇಕಾಯಿತು.

ಮಾರಾಟದ ಕಡತಗಳೇನೂ ಕಳೆದುಹೋಗಿರಲಿಲ್ಲ. ಇತಿಹಾಸಕಾರರು ಅವನ್ನು ಓದಿದ್ದರು, ಬರೆದೂ ಇದ್ದರು. ಮಾರಾಟವನ್ನು ಏರ್ಪಡಿಸಿದ ಇಬ್ಬರು ಪಾದ್ರಿಗಳ ಹೆಸರು ಮಾತ್ರ ಎರಡು ಕಟ್ಟಡಗಳ ಮೇಲೆ ಹಾಗೆಯೇ ಇತ್ತು. 2015ರಲ್ಲಿ ಅದರಲ್ಲೊಂದನ್ನು ವಿದ್ಯಾರ್ಥಿ ನಿಲಯವಾಗಿ ತೆರೆದಾಗ, ಅಲ್ಲಿ ಮಲಗಿ ಏಳಬೇಕಾದವರಿಗೆ ಆ ಹೆಸರು ಚುಚ್ಚಿತು. ವಿಶ್ವವಿದ್ಯಾಲಯ ಒಂದು ಸಮಿತಿ ರಚಿಸಿತು. ನವೆಂಬರ್‌ನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಮುಂದೆ ಧರಣಿ ಕುಳಿತರು, ಕೆಲವೇ ದಿನಗಳಲ್ಲಿ ಹೆಸರುಗಳು ಇಳಿದವು. ಒಂದು ಕಟ್ಟಡ ಈಗ ಐಸಾಕ್ ಹಾಕಿನ್ಸ್ ಹೆಸರಿನಲ್ಲಿದೆ. ಇನ್ನೊಂದಕ್ಕೆ, ಅದೇ ಪಟ್ಟಣದಲ್ಲಿ ಕಪ್ಪು ಹುಡುಗಿಯರಿಗೆ ಶಾಲೆ ನಡೆಸಿದ ಆ್ಯನ್ ಮರೀ ಬೆಕ್ರಾಫ್ಟ್ ಹೆಸರು.

ಆದರೆ ಆ ಸಮಿತಿಯಲ್ಲಿ ಮಾರಾಟವಾದವರ ವಂಶಸ್ಥರಿಗೆ ಜಾಗವಿರಲಿಲ್ಲ. ಲೂಸಿಯಾನಾದ ಮೆರಿಂಗ್ವಿನ್‌ನಂಥ ಪುಟ್ಟ ಊರುಗಳಲ್ಲಿ, ಮಾರಿದವರ ಧರ್ಮವನ್ನೇ ಬಿಡದೆ ಉಳಿಸಿಕೊಂಡು, ಕ್ಯಾಥೊಲಿಕ್ ಸ್ಮಶಾನಗಳಲ್ಲಿ ಹಿರಿಯರನ್ನು ಹೂಳುತ್ತ ಬಂದ ಕುಟುಂಬಗಳವು. ತಾವು ಯಾರ ಮೊಮ್ಮಕ್ಕಳು ಎಂಬುದು ಅವರಲ್ಲಿ ಅನೇಕರಿಗೆ ಗೊತ್ತಾದದ್ದೇ 2016ರಲ್ಲಿ, ಸುದ್ದಿ ಪತ್ರಿಕೆಗಳಿಗೆ ಬಂದ ಮೇಲೆ. ಆ ವರ್ಷ ವಿಶ್ವವಿದ್ಯಾಲಯ, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಪ್ರವೇಶದ ಆದ್ಯತೆಯನ್ನು ವಂಶಸ್ಥರಿಗೂ ಕೊಟ್ಟಿತು. ಶುಲ್ಕ ವಿನಾಯಿತಿ ಕೊಡಲಿಲ್ಲ. 2017ರ ಏಪ್ರಿಲ್‌ನಲ್ಲಿ ಪ್ರಾರ್ಥನಾ ಸಭೆ ನಡೆಯಿತು. ವಂಶಸ್ಥರ ಎದುರು ನಿಂತು ಜೆಸ್ಯೂಟರು ಕ್ಷಮೆ ಬೇಡಿದರು.

2019ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ತಾವೇ ಮತ ಹಾಕಿ ಒಂದು ತೀರ್ಮಾನಕ್ಕೆ ಬಂದರು: ಪ್ರತಿ ಸೆಮಿಸ್ಟರ್‌ಗೆ ಒಬ್ಬೊಬ್ಬರೂ 27 ಡಾಲರ್ 20 ಸೆಂಟ್ ಕಟ್ಟಬೇಕು, ಅದು ವಂಶಸ್ಥರಿಗೆ ಹೋಗಬೇಕು. 272ರ ನೆನಪಿಗೆ ಆ ಮೊತ್ತ. ಮತ ಹಾಕಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಪ್ಪಿದರು. ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಅದನ್ನು ಋಣ ಎಂದೇ ಕಂಡಿದ್ದರು. ಅಕ್ಟೋಬರ್‌ನಲ್ಲಿ ಆಡಳಿತದ ಉತ್ತರ ಬಂತು: ಕಡ್ಡಾಯ ಶುಲ್ಕ ಬೇಡ, ವರ್ಷಕ್ಕೆ ಸುಮಾರು 4 ಲಕ್ಷ ಡಾಲರನ್ನು ದೇಣಿಗೆಯಿಂದ ಸಂಗ್ರಹಿಸೋಣ. ಮೊತ್ತದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ದೇಣಿಗೆ ಕೊಡುವವನ ಇಷ್ಟ; ಋಣ ಹಾಗಲ್ಲ.

2021ರಲ್ಲಿ ಜೆಸ್ಯೂಟರು ವಂಶಸ್ಥರೊಡನೆ ಸೇರಿ ಕಟ್ಟಿದ ಪ್ರತಿಷ್ಠಾನಕ್ಕೆ 10 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟರು. 2023ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದಿಂದ 1 ಕೋಟಿ, ಜೆಸ್ಯೂಟರಿಂದ 1 ಕೋಟಿ 70 ಲಕ್ಷ ಡಾಲರ್ ಸೇರಿತು.  ಮಾರಾಟಕ್ಕೂ ಮುಂಚೆ ಮೇರಿಲ್ಯಾಂಡಿನ ಹೊಲಗಳಲ್ಲಿ ಐಸಾಕ್ ಕೂಲಿಯಿಲ್ಲದೆ ದುಡಿದ ವರ್ಷಗಳಿಗೆ ಲೆಕ್ಕವೇ ಇಲ್ಲ.