ಶಾಲೆಯಲ್ಲಿ ಕೊಟ್ಟ ಕಣ್ಣಿನ ಚೀಟಿ: ಚಷ್ಮಾ ಹಾಕಿದರೆ ನಂಬರ್ ಏರುತ್ತಾ?

ಪ್ರಶ್ನೆ: ಶಾಲೆಗೆ ಡಾಕ್ಟರ್ ತಂಡ ಬಂದಿತ್ತು. ಮಗಳ ಕೈಯಲ್ಲಿ ಚೀಟಿ ಕೊಟ್ಟು, ತಾಲೂಕಾಸ್ಪತ್ರೆಗೆ ಹೋಗಿ ಕಣ್ಣು ತೋರಿಸಿ ಅಂದಿದ್ದಾರೆ. ಹೋಗಲೇಬೇಕಾ? ಈಗಲೇ ಚಷ್ಮಾ ಹಾಕಿಸಿದರೆ ನಂಬರ್ ಏರುತ್ತಲೇ ಹೋಗುತ್ತೆ ಅಂತಾರಲ್ಲ?

ಹೋಗಲೇಬೇಕು. ವಿಜಯಪುರದ ಕಡೆ ಶಾಲೆಗಳಲ್ಲಿ ತಪಾಸಣೆ ಮುಗಿದ ವಾರವೇ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲ ಇದೇ ಉತ್ತರ ಕೊಟ್ಟಿದ್ದೇನೆ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಚೀಟಿಯ ವಿಷಯ ಸುಲಭ. ಬಂದವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು. ಈ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ತಂಡ ಬರಬೇಕು. ಕಣ್ಣು, ಕಿವಿ, ಹಲ್ಲು, ಹೃದಯ, ರಕ್ತ ಕಡಿಮೆ ಇದೆಯಾ ಅನ್ನೋದು, ಎಲ್ಲವನ್ನೂ ನೋಡುತ್ತಾರೆ. ಶಾಲೆಯಲ್ಲಿ ಆಗುವುದು ಮೇಲ್ನೋಟದ ಪರೀಕ್ಷೆ ಅಷ್ಟೇ. ನಂಬರ್ ತೆಗೆಯುವುದು ಆಸ್ಪತ್ರೆಯಲ್ಲಿ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳಿಗೆ ಚಷ್ಮಾ ಕೂಡ ಉಚಿತ. ಅಲ್ಲಿ ಕಣ್ಣಿಗೆ ಹನಿ ಹಾಕಿದರೆ ಕೆಲವು ತಾಸು, ಹನಿ ಯಾವುದು ಅನ್ನುವುದರ ಮೇಲೆ ಒಮ್ಮೊಮ್ಮೆ ಕೆಲವು ದಿನ, ಹತ್ತಿರದ್ದು ಮಂಜಾಗಿ ಕಾಣುತ್ತದೆ. ಗಾಬರಿಯಾಗಬೇಡಿ, ತಾನೇ ಸರಿಯಾಗುತ್ತದೆ.

ಇನ್ನು ನಂಬರ್ ಏರುವ ಮಾತು. "ಸಣ್ಣ ವಯಸ್ಸಿನಾಗ ಹಚ್ಚಿದ್ರ ಕಣ್ಣಿಗೆ ಚಟ ಆಗ್ತದ್ರಿ ಅಕ್ಕೋರೆ, ಮುಂದ ಬಿಡಾಕ ಬರೂದಿಲ್ಲ" ಅನ್ನುತ್ತಾರೆ. ಓದಿದವರೂ ಹೇಳುತ್ತಾರೆ. ಇದು ಸುಳ್ಳು.

ದೂರದ್ದು ಕಾಣದ ಮಕ್ಕಳಲ್ಲಿ ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿ ಬೆಳೆದಿರುತ್ತದೆ. ಹಾಗಾಗಿ ಬೋರ್ಡಿನ ಚಿತ್ರ ಕಣ್ಣಿನ ಹಿಂದಿನ ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ, ಅಕ್ಷರ ಮಸುಕಾಗುತ್ತದೆ. ಮಗು ಬೆಳೆದ ಹಾಗೆ ಗುಡ್ಡೆಯೂ ಬೆಳೆಯುತ್ತದೆ, ನಂಬರ್ ಏರುತ್ತದೆ. ಚಷ್ಮಾ ಹಾಕಿದರೂ ಏರುತ್ತದೆ, ಹಾಕದಿದ್ದರೂ ಏರುತ್ತದೆ. ಮಕ್ಕಳ ಕಾಲು ಬೆಳೆದು ಪ್ರತಿ ವರ್ಷ ದೊಡ್ಡ ಚಪ್ಪಲಿ ತರುತ್ತೀರಿ. ಚಪ್ಪಲಿ ಹಾಕಿದ್ದಕ್ಕೇ ಕಾಲು ಬೆಳೆಯಿತು ಅಂತ ಯಾರಾದರೂ ಹೇಳುತ್ತಾರಾ?

ಚಷ್ಮಾದಿಂದಲೇ ನಂಬರ್ ಏರುವುದಾದರೆ ಎಲ್ಲರಿಗೂ ಏರಬೇಕಿತ್ತು, ಅಲ್ವಾ? ಹತ್ತಿರದ್ದು ನೋಡಲು ಕಷ್ಟವಾಗುವ ಪ್ಲಸ್ ನಂಬರಿನ ಎಷ್ಟೋ ಮಕ್ಕಳಿಗೆ ಚಷ್ಮಾ ಹಾಕಿಕೊಂಡಿದ್ದಾಗಲೇ, ಬೆಳೆಯುತ್ತಾ ನಂಬರ್ ಇಳಿಯುತ್ತದೆ. ಇದನ್ನು ಯಾರೂ ಕಟ್ಟೆಯ ಮೇಲೆ ಕೂತು ಹೇಳುವುದಿಲ್ಲ. ಚಟದ ಮಾತು ಹುಟ್ಟಿದ್ದೂ ಹೀಗೇ: ಸ್ಪಷ್ಟವಾಗಿ ನೋಡಿ ರೂಢಿಯಾದ ಮಗುವಿಗೆ ಚಷ್ಮಾ ತೆಗೆದರೆ ಮಸುಕು ಎದ್ದು ಕಾಣುತ್ತದೆ. ಮೊದಲೂ ಅಷ್ಟೇ ಮಸುಕಿತ್ತು, ಅದಕ್ಕೆ ಗೊತ್ತಿರಲಿಲ್ಲ.

ನಿಜವಾದ ನಷ್ಟ ಹಾಕದೇ ಇದ್ದಾಗ ಆಗುತ್ತದೆ. ಒಂದು ಕಣ್ಣು ಸರಿ ಇದ್ದು ಇನ್ನೊಂದರಲ್ಲಿ ನಂಬರ್ ಜಾಸ್ತಿ ಇದ್ದರೆ, ಮೆದುಳು ಆ ಕಣ್ಣಿನ ಚಿತ್ರವನ್ನು ಬಿಟ್ಟೇ ಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ಏಳೆಂಟು ವರ್ಷದೊಳಗೆ ಹಿಡಿದರೆ ಸರಿಪಡಿಸುವುದು ಸುಲಭ. ದೊಡ್ಡವರಾದ ಮೇಲೆ ಎಂಥ ಚಷ್ಮಾ ಹಾಕಿದರೂ ಪೂರ್ತಿ ದೃಷ್ಟಿ ಬರುವುದು ಕಷ್ಟ. ಗಜ್ಜರಿ ತಿನ್ನಿಸಿ ನೋಡೋಣ ಅಂತ ವರ್ಷ ಕಳೆಯಬೇಡಿ. ಎ ಜೀವಸತ್ವ ಕಡಿಮೆಯಾಗಿ ಬರುವ ಇರುಳುಗಣ್ಣಿಗೆ ಅದು ಒಳ್ಳೆಯದು. ನಂಬರ್ ಅದರಿಂದ ಹೋಗುವುದಿಲ್ಲ. ಹೆಣ್ಣುಮಕ್ಕಳಿಗೆ ಚಷ್ಮಾ ಹಾಕಿದರೆ ಮುಂದೆ ಗಂಡು ಸಿಗುವುದಿಲ್ಲ ಅನ್ನುವ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಎರಡನೇ ತರಗತಿ ಕೂಸಿಗೆ ಅಕ್ಷರ ಕಾಣಬೇಕಾಗಿರುವುದು ಇವತ್ತು.

ಈ ಕೆಲಸದಲ್ಲಿ ಶಿಕ್ಷಕರ ಪಾಲು ದೊಡ್ಡದು, ಹೆಮ್ಮೆಯಿಂದಲೇ ಹೇಳುತ್ತೇನೆ. ವರಾಂಡದ ಗೋಡೆಗೆ ಚಾರ್ಟ್ ಹಚ್ಚಿ, ಆರು ಮೀಟರ್ ಅಳೆದು ಸೀಮೆಸುಣ್ಣದ ಗೆರೆ ಹಾಕುತ್ತೇವೆ. ಮಗು ಗೆರೆಯ ಮೇಲೆ ನಿಂತು, ಒಂದು ಕಣ್ಣಿಗೆ ಅಂಗೈ ಮುಚ್ಚಿ, ಚಾರ್ಟಿನಲ್ಲಿ ಬೇರೆ ಬೇರೆ ಕಡೆ ತಿರುಗಿರುವ ಇಂಗ್ಲಿಷ್ E ಅಕ್ಷರದ ಕಾಲು ಯಾವ ಕಡೆ ಅಂತ ಬೆರಳು ತೋರಿಸಬೇಕು. ಅಕ್ಷರ ಬಾರದ ಮಗುವಿಗೂ ಇದು ಬರುತ್ತದೆ. ಬೆರಳ ಸಂದಿಯಿಂದ ಇಣುಕುವವರೇ ಜಾಸ್ತಿ, ಆ ಅಂಗೈ ಮೇಲೆ ಕಣ್ಣಿಟ್ಟಿರಬೇಕು. ಅದಕ್ಕೂ ಮೊದಲೇ ಸುಳಿವು ಸಿಕ್ಕಿರುತ್ತದೆ. ಬೋರ್ಡ್ ಬಿಟ್ಟು ಪಕ್ಕದವಳ ಪಾಟಿ ನೋಡಿ ಬರೆಯುವ ಹುಡುಗಿ ದಡ್ಡಿ ಇರಲಿಕ್ಕಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯ ಇದೆ. ತಂಡ ಬಂದ ದಿನ ಶಾಲೆಯಲ್ಲೇ ಇಲ್ಲದ ಮಕ್ಕಳ ಗತಿ ಏನು? ದೀಪಾವಳಿ ಹೊತ್ತಿಗೆ ನಮ್ಮ ತಾಂಡಾ, ಹಳ್ಳಿಗಳಿಂದ ಕಬ್ಬು ಕಡಿಯಲು ಕುಟುಂಬಗಳು ಹೊರಡುತ್ತವೆ. ಮುಧೋಳ, ಜಮಖಂಡಿ, ಅಥಣಿ, ಕೆಲವರು ಮಹಾರಾಷ್ಟ್ರಕ್ಕೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಬರುವ ತಪಾಸಣೆ ಅವರಿಗೆ ತಪ್ಪಿಯೇ ಹೋಗುತ್ತದೆ. ಹೋಗುವ ಮೊದಲು ಶಾಲೆಗೆ ಒಂದು ಮಾತು ತಿಳಿಸಿ. ಕಬ್ಬಿನ ಊರಲ್ಲೂ ಶಾಲೆಗೆ ಸೇರಿಸಿ. 6ರಿಂದ 14 ವರ್ಷದ ಮಕ್ಕಳಿಗೆ ಟಿ.ಸಿ. ತಡವಾಯಿತು ಅಂತ ಸೇರಿಸಿಕೊಳ್ಳದೇ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ರಾಜ್ಯ ದಾಟಿದರೂ ಅದೇ ನಿಯಮ. ಆ ಶಾಲೆಗೆ ತಂಡ ಬಂದರೆ ಮಗು ಅಲ್ಲೇ ತೋರಿಸಿಕೊಳ್ಳಬಹುದು. ಬರದಿದ್ದರೆ ಊರಿಗೆ ವಾಪಸು ಬಂದ ಮೇಲೆ ಚೀಟಿಗೆ ಕಾಯಬೇಡಿ, ನೇರವಾಗಿ ತಾಲೂಕಾಸ್ಪತ್ರೆಗೆ ಕರೆದುಕೊಂಡು ಹೋಗಿ.